ಸಣ್ಣ ಅಪಘಾತ, ಸಂಶಯಾಸ್ಪದ ಗಾಯ: ವಾಹನ ಮಾಲೀಕರ ಕರ್ತವ್ಯ

(ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಪಾಠ)



ರಸ್ತೆ ಸುರಕ್ಷತೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ದೊಡ್ಡ ಅಪಘಾತಗಳನ್ನು ನೆನೆಯುತ್ತೇವೆ. ಮುಂಬಯಿ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಕಾತ್ರಜ್ ಇಳಿಜಾರು, ನವಲೆ ಸೇತುವೆ ಎಂದೊಡನೆ ಪುಣೆಯ ನಿವಾಸಿಗಳಿಗೆ ಏನು ನೆನಪಾಗುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗದ ಸಣ್ಣ ಅಪಘಾತದ ವಿಷಯ. ಇಂತಹ ಅಪಘಾತದಲ್ಲಿ ಪೆಟ್ಟು ಸಣ್ಣದಾಗಿದ್ದರೂ ಅದರ ನಂತರ ಬರುವ ಗಾಯದ ಬೇಡಿಕೆ ಅನೇಕ ಕುಟುಂಬಗಳ ನೆಮ್ಮದಿಯನ್ನು ಕೆಡಿಸುತ್ತದೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದ ಒಬ್ಬ ನಿವೃತ್ತ ನೌಕರರು ಸ್ವಾರಗೇಟಿನ ಬಳಿ ಕಾರನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಪಕ್ಕದ ಸ್ಕೂಟರಿಗೆ ಕಾರು ತಾಗುತ್ತದೆ. ಸವಾರ ಬೀಳುತ್ತಾನೆ, ತಾನೇ ಎದ್ದು ಬಟ್ಟೆಯ ಧೂಳು ಕೊಡವಿಕೊಳ್ಳುತ್ತಾನೆ. ಜನ ಸೇರುತ್ತಾರೆ. ಗುಂಪಿನಲ್ಲಿ ಯಾರೋ ಒಬ್ಬರು, "ಏನಾದರೂ ಕೊಟ್ಟು ಮುಗಿಸಿಬಿಡಿ" ಎನ್ನುತ್ತಾರೆ. ಎರಡು ಸಾವಿರ ರೂಪಾಯಿ ಕೈಬದಲಾಗುತ್ತದೆ. ಮೂರನೆಯ ದಿನ ದೂರವಾಣಿ ಕರೆ ಬರುತ್ತದೆ: ಭುಜದ ಮೂಳೆ ಮುರಿದಿದೆ, ಐವತ್ತು ಸಾವಿರ ಬೇಕು, ಇಲ್ಲವಾದರೆ ಪೊಲೀಸ್ ಠಾಣೆಗೆ ಹೋಗುತ್ತೇವೆ. ಈಗ ಆ ಹಿರಿಯರು ಏನು ಮಾಡಬೇಕು?

ಇಲ್ಲಿ ಮೂರು ಸಾಧ್ಯತೆಗಳಿವೆ. ಮೊದಲನೆಯದು, ಆ ಗಾಯ ನಿಜವಾದದ್ದು ಮತ್ತು ಈ ಅಪಘಾತದಿಂದಲೇ ಆದದ್ದು. ಎರಡನೆಯದು, ಗಾಯ ನಿಜ, ಆದರೆ ಅದು ಬೇರೆಲ್ಲೋ ಬೇರೆ ಕಾರಣದಿಂದ ಆದದ್ದು. ಮೂರನೆಯದು, ಗಾಯವೇ ಇಲ್ಲ. ದೂರವಾಣಿಯಲ್ಲಿ ಮಾತನಾಡಿ ಈ ಮೂರರಲ್ಲಿ ಯಾವುದು ಸತ್ಯವೆಂದು ತಿಳಿಯಲು ನಮಗಾಗಲಿ, ನಮ್ಮ ಬಂಧುಗಳಿಗಾಗಲಿ ಸಾಧ್ಯವಿಲ್ಲ. ಆದುದರಿಂದ ನಮ್ಮ ಕರ್ತವ್ಯ ತೀರ್ಪು ಕೊಡುವುದಲ್ಲ. ನಡೆದ ಸಂಗತಿಯನ್ನು ನಡೆದಂತೆಯೇ ದಾಖಲೆಗೆ ತಂದು, ತೀರ್ಪು ಕೊಡಬಲ್ಲ ವೈದ್ಯರು, ಪೊಲೀಸರು, ವಿಮಾ ಕಂಪನಿ ಮತ್ತು ನ್ಯಾಯಾಧಿಕರಣದ ಕೈಗೆ ಅದನ್ನು ಒಪ್ಪಿಸುವುದೇ ನಮ್ಮ ಕರ್ತವ್ಯ. ನನ್ನ ಉಪನ್ಯಾಸದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಗಾಯದ ಬಗ್ಗೆ ಮೊದಲು ಒಂದು ಎಚ್ಚರಿಕೆ. ಎದ್ದು ನಡೆದಾಡಿದವನಿಗೆ ಪೆಟ್ಟಾಗಿಲ್ಲವೆಂದು ತಿಳಿಯುವುದು ತಪ್ಪು. ಹಿಂದಿನಿಂದ ಗುದ್ದಿದ ವಾಹನದ ಹೊಡೆತಕ್ಕೆ ಕತ್ತು ಮುಂದೆ ಹಿಂದೆ ಜಗ್ಗಿದಾಗ ಸ್ನಾಯುಗಳು ಉಳುಕುತ್ತವೆ. ಆ ನೋವು ಕೆಲವು ಗಂಟೆಗಳ ನಂತರ ಅಥವಾ ಮರುದಿನ ಕಾಣಿಸಿಕೊಳ್ಳಬಹುದು. ಎಕ್ಸ್-ರೇಯಲ್ಲಿ ಅದು ಕಾಣದೆಯೂ ಇರಬಹುದು. ತಲೆಗೆ ಪೆಟ್ಟಾದವರಲ್ಲಿ ವಾಂತಿ, ಮಂಪರು, ಮಾತಿನ ತೊದಲುವಿಕೆ ತಡವಾಗಿ ಆರಂಭವಾಗುವುದುಂಟು. ಆದ್ದರಿಂದ ತಡವಾಗಿ ಬಂದ ದೂರು ಸುಳ್ಳು ದೂರೇ ಎಂದು ಹೇಳಲಾಗದು. ಕಣ್ಣಿಗೆ ಕಾಣದ ನೋವಿನ ಈ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 31ರಿಂದ ಜಾರಿಗೆ ಬಂದ ಸುಧಾರಣೆಗಳಂತೆ, ಇಂತಹ ಕತ್ತುನೋವಿನ ಬೇಡಿಕೆಯನ್ನು ವೈದ್ಯಕೀಯ ವರದಿಯಿಲ್ಲದೆ ರಾಜಿ ಮಾಡಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಮೊದಲು ಪರೀಕ್ಷೆ, ಅನಂತರ ಹಣದ ಮಾತು ಎಂಬ ಈ ಕ್ರಮವು ನಮಗೂ ಅನುಸರಣೀಯ.

ಇನ್ನು ನಮ್ಮ ಕಾನೂನಿನ ವಿಚಾರ. 1988ರ ಮೋಟಾರು ವಾಹನಗಳ ಅಧಿನಿಯಮದ 134ನೆಯ ಪ್ರಕರಣವು ಚಾಲಕನ ಮೇಲೆ ಮೂರು ಕರ್ತವ್ಯಗಳನ್ನು ವಿಧಿಸುತ್ತದೆ. ಗಾಯಗೊಂಡವರಿಗೆ ವೈದ್ಯಕೀಯ ನೆರವು ದೊರೆಯುವಂತೆ ಮಾಡಬೇಕು. ಸ್ಥಳದಲ್ಲಿ ಪೊಲೀಸ್ ಅಧಿಕಾರಿ ಇಲ್ಲದಿದ್ದರೆ ಆದಷ್ಟು ಬೇಗ, ಹೇಗಿದ್ದರೂ 24 ಗಂಟೆಗಳೊಳಗೆ, ಹತ್ತಿರದ ಠಾಣೆಗೆ ವರದಿ ಮಾಡಬೇಕು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಉದ್ರಿಕ್ತ ಗುಂಪಿನ ಭಯದಂತಹ ಕಾರಣವಿದ್ದಾಗ ಮೊದಲನೆಯ ಕರ್ತವ್ಯಕ್ಕೆ ವಿನಾಯಿತಿ ಇದೆ; ಆದರೆ ಅಂತಹ ಸಂದರ್ಭದಲ್ಲಿಯೂ ನೇರವಾಗಿ ಠಾಣೆಗೆ ಹೋಗಬೇಕೇ ಹೊರತು ಮನೆಗೆ ಹೋಗಬಾರದು. ಪುಣೆಯಲ್ಲಿ ಪೊಲೀಸ್ ನೆರವಿಗೆ 112, ಆಂಬ್ಯುಲೆನ್ಸಿಗೆ 108 ಸಂಖ್ಯೆಗಳನ್ನು ಕರೆಯಬಹುದು. ಚಿಕಿತ್ಸೆಯ ಹಣದ ಚಿಂತೆಯೂ ಈಗ ಮೊದಲಿನಷ್ಟಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯಬೇಕು.

ಗಾಯಾಳು ಆಸ್ಪತ್ರೆಗೆ ಬರಲು ಒಪ್ಪಿದರೆ ಸಂತೋಷ. ಅಲ್ಲಿ ಅಪಘಾತದ ಪ್ರಕರಣವೆಂದೇ ನೋಂದಣಿಯಾಗುವಂತೆ ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ವೈದ್ಯರು ಬರೆದಿಡುವ ಗಾಯದ ವಿವರ, ಮುಂದೆ ನಿಜವಾದ ಗಾಯಾಳುವಿಗೆ ಆಧಾರವಾಗುವಂತೆಯೇ, ಇಲ್ಲದ ಗಾಯದ ಆರೋಪ ಬಂದಾಗ ಚಾಲಕನಿಗೂ ರಕ್ಷಣೆಯಾಗುತ್ತದೆ. ಆತ ಒಪ್ಪದಿದ್ದರೆ, ಚಿಕಿತ್ಸೆಗೆ ಕರೆದದ್ದನ್ನು, ಆತ ನಿರಾಕರಿಸಿದ್ದನ್ನು ಅದೇ ದಿನ ಠಾಣೆಗೆ ಕೊಡುವ ಹೇಳಿಕೆಯಲ್ಲಿ ಸೇರಿಸಬೇಕು. ಎರಡೂ ವಾಹನಗಳ ಸಂಖ್ಯೆ, ಅವು ನಿಂತ ಸ್ಥಿತಿ, ತಾಗಿದ ಭಾಗ, ರಸ್ತೆಯ ಗುರುತುಗಳು, ಇವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡಬೇಕು. ಕಂಡ ಇಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆ ಪಡೆಯಬೇಕು. ಅಕ್ಕಪಕ್ಕದ ಅಂಗಡಿಯಲ್ಲೋ ಚೌಕದಲ್ಲೋ ಕ್ಯಾಮೆರಾ ಇದ್ದರೆ ಅದರ ದೃಶ್ಯವನ್ನು ಕಾದಿರಿಸುವಂತೆ ಪೊಲೀಸರನ್ನು ಲಿಖಿತವಾಗಿ ಕೋರಬೇಕು. ಹಳೆಯ ದೃಶ್ಯಗಳು ಬಹುಕಾಲ ಉಳಿಯುವುದಿಲ್ಲ.

ಪುಣೆಯ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಸೂಚನೆ. ನಾವು ಮಹಜರು ಎನ್ನುವುದನ್ನು ಇಲ್ಲಿ ಪಂಚನಾಮೆ ಎನ್ನುತ್ತಾರೆ. ಠಾಣೆಯ ಕಾಗದಪತ್ರಗಳು ಮರಾಠಿಯಲ್ಲಿರುತ್ತವೆ. ಲಿಪಿ ಓದಲು ಬಂದರೂ ಅರ್ಥ ಸ್ಪಷ್ಟವಾಗದಿದ್ದರೆ ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಬೇಡಿ. ಹೇಳಿಕೆಯಲ್ಲಿ ಕಂಡದ್ದನ್ನು ಮಾತ್ರ ಬರೆಸಿ. "ಅವನು ನಾಟಕವಾಡಿದ" ಎಂಬುದು ಅಭಿಪ್ರಾಯ. "ಅವರು ತಾವೇ ಎದ್ದು ಸ್ಕೂಟರನ್ನು ನಡೆಸಿಕೊಂಡು ಹೋದರು" ಎಂಬುದು ಸಂಗತಿ. ನ್ಯಾಯಾಧಿಕರಣದಲ್ಲಿ ಬೆಲೆಯಿರುವುದು ಸಂಗತಿಗೆ.

ಈಗ ಹಣದ ಪ್ರಶ್ನೆ. ಮೋಟಾರು ವಿಮಾ ಪಾಲಿಸಿಯ ಷರತ್ತುಗಳನ್ನು ಓದಿದವರು ವಿರಳ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕರು ಹೊಣೆಯನ್ನು ಒಪ್ಪಿಕೊಳ್ಳಬಾರದು, ಹಣ ಕೊಡುವ ಭರವಸೆ ನೀಡಬಾರದು, ಪಾವತಿಯನ್ನೂ ಮಾಡಬಾರದು ಎಂಬುದು ಅವುಗಳಲ್ಲೊಂದು. ರಸ್ತೆಯಲ್ಲಿ ಕೊಟ್ಟ ಎರಡು ಸಾವಿರ ರೂಪಾಯಿ ಬೇಡಿಕೆಯನ್ನು ಮುಗಿಸುವುದಿಲ್ಲ. ಅದು ತಪ್ಪೊಪ್ಪಿಗೆಯೆಂದು ತೋರಿ ಮುಂದಿನ ಬೇಡಿಕೆಗೆ ಮೆಟ್ಟಿಲಾಗುತ್ತದೆ. ಹಣ ಕೊಟ್ಟುದರಿಂದ ಪೊಲೀಸ್ ಪ್ರಕರಣವೂ ಇಲ್ಲವಾಗುವುದಿಲ್ಲ. ಅಜಾಗರೂಕ ಚಾಲನೆಯ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣದಲ್ಲಿದೆ. ಇಬ್ಬರ ಖಾಸಗಿ ರಾಜಿಯಿಂದ ಅದು ತಾನಾಗಿ ಅಳಿಯದು.

ಕಂಪನಿಗೆ ತಿಳಿಸಿದರೆ ಬೋನಸ್ ಹೋದೀತೆಂದು ಹಲವರು ಹಿಂಜರಿಯುತ್ತಾರೆ. ಕ್ಲೇಮು ಮಾಡದವರಿಗೆ ಸಿಗುವ ಆ ರಿಯಾಯಿತಿ ಸ್ವಂತ ವಾಹನದ ಹಾನಿಯ ಭಾಗಕ್ಕೆ ಸಂಬಂಧಿಸಿದ್ದು. ಮೂರನೆಯವರ ಗಾಯದ ಬೇಡಿಕೆಯನ್ನು ತಿಳಿಸಿದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಮೂರನೆಯವರ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದೇ ಇಂತಹ ಸಂದರ್ಭಕ್ಕಾಗಿ. ಪ್ರೀಮಿಯಂ ಕಟ್ಟಿ ಪಡೆದ ರಕ್ಷಣೆಯನ್ನು ಮೌನದಿಂದ ಕಳೆದುಕೊಳ್ಳುವುದು ವಿವೇಕವಲ್ಲ.

ಹಾಗಾದರೆ ಮೂರನೆಯ ದಿನದ ಕರೆಗೆ ಉತ್ತರವೇನು? ಬೈಯುವುದೂ ಬೇಡ, ಬೇಡಿಕೊಳ್ಳುವುದೂ ಬೇಡ. "ತಮಗೆ ನೋವಾಗಿದ್ದರೆ ನನಗೆ ವಿಷಾದವಿದೆ. ಚಿಕಿತ್ಸೆಯ ದಾಖಲೆಗಳನ್ನು ವಿಮಾ ಕಂಪನಿಗೆ ಕೊಡಿ. ಪಾಲಿಸಿಯ ವಿವರವನ್ನು ನಾನು ಕೊಡುತ್ತೇನೆ. ಕಾನೂನಿನಂತೆ ಬರಬೇಕಾದದ್ದು ತಮಗೆ ಬರಲಿ" ಎಂದರೆ ಸಾಕು. ನಿಜವಾಗಿ ನೊಂದವನಿಗೆ ಈ ಉತ್ತರದಿಂದ ನಷ್ಟವಿಲ್ಲ. ಸುಳ್ಳು ಹೇಳುವವನಿಗೆ ಇದರಿಂದ ಲಾಭವಿಲ್ಲ. ಕರೆಯ ದಿನಾಂಕ, ವೇಳೆ, ಕೇಳಿದ ಮೊತ್ತ ಇವನ್ನು ಬರೆದಿಟ್ಟು ಕಂಪನಿಗೂ ಠಾಣೆಗೂ ತಿಳಿಸಬೇಕು. ಬೆದರಿಕೆ ಹಾಕಿ ಹಣ ಕೀಳುವುದು ನ್ಯಾಯ ಸಂಹಿತೆಯ 308ನೆಯ ಪ್ರಕರಣದಂತೆ ಸುಲಿಗೆಯ ಅಪರಾಧ. ಆದರೆ ಪರಿಹಾರ ಕೇಳಿದ ಮಾತ್ರಕ್ಕೆ ಅದು ಸುಲಿಗೆಯಾಗದು ಎಂಬುದನ್ನೂ ಮರೆಯಬಾರದು.

ಮುಂದೆ ಬೇಡಿಕೆ ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಾಧಿಕರಣಕ್ಕೆ ಹೋಗಬಹುದು. ಅರ್ಜಿದಾರನು ಅಪಘಾತ ನಡೆದ ಸ್ಥಳದಲ್ಲಿ, ತಾನು ವಾಸಿಸುವ ಊರಿನಲ್ಲಿ ಅಥವಾ ಎದುರುದಾರನು ವಾಸಿಸುವ ಊರಿನಲ್ಲಿ ಅರ್ಜಿ ಹಾಕಬಹುದು. ಆದ್ದರಿಂದ ಪುಣೆಯ ಅಪಘಾತದ ನೋಟಿಸು ಸೋಲಾಪುರದಿಂದ ಬಂದರೂ ಆಶ್ಚರ್ಯಪಡಬೇಕಾಗಿಲ್ಲ. ಅದನ್ನು ಕಂಪನಿಗೆ ಕೂಡಲೇ ಕಳುಹಿಸಬೇಕು. ತಾವೂ ಹಾಜರಾಗಿ ನಡೆದುದನ್ನು ಹೇಳಬೇಕು. "ಕಂಪನಿ ನೋಡಿಕೊಳ್ಳುತ್ತದೆ" ಎಂದು ಸುಮ್ಮನಿದ್ದರೆ ಸತ್ಯ ಹೇಳಬಲ್ಲ ಒಬ್ಬನೇ ಸಾಕ್ಷಿ ಗೈರುಹಾಜರಾದಂತೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು ಮೊದಲ ವರದಿಯನ್ನು 48 ಗಂಟೆಗಳಲ್ಲಿ, ಮಧ್ಯಂತರ ವರದಿಯನ್ನು 50 ದಿನಗಳಲ್ಲಿ, ವಿವರವಾದ ವರದಿಯನ್ನು 90 ದಿನಗಳಲ್ಲಿ ಸಲ್ಲಿಸಬೇಕು. ಚಾಲಕರೂ ಮಾಲೀಕರೂ ತಮ್ಮ ನಮೂನೆಗಳನ್ನು 30 ದಿನಗಳಲ್ಲಿ ತುಂಬಿಕೊಡಬೇಕು. ಇವುಗಳ ಪಾಲನೆಯನ್ನು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಒತ್ತಿ ಹೇಳಿದೆ. ವರದಿ ಬೇಗ ಬಂದಷ್ಟೂ ಕಥೆ ಕಟ್ಟಲು ಅವಕಾಶ ಕಡಿಮೆ.

ಗಾಯದ ಪ್ರಮಾಣವನ್ನು ಅಳೆಯುವ ವಿಷಯದಲ್ಲಿ 2010ರ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಮಹತ್ವದ್ದು. ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಗಾಯಾಳುವಿಗೆ ಚಿಕಿತ್ಸೆಯನ್ನೇ ನೀಡದ ವೈದ್ಯರು ಸಿದ್ಧಪಡಿಸಿಕೊಡುವ ಅಂಗವೈಕಲ್ಯದ ಪ್ರಮಾಣಪತ್ರಗಳ ಬಗ್ಗೆ ನ್ಯಾಯಾಧಿಕರಣವು ಎಚ್ಚರದಿಂದಿರಬೇಕು, ಅದು ಮೂಕಪ್ರೇಕ್ಷಕನಂತೆ ಕುಳಿತಿರಬಾರದು ಎಂದು ಆ ತೀರ್ಪು ಹೇಳುತ್ತದೆ. ಒಂದು ಅಂಗದ ಊನದ ಶೇಕಡಾವಾರು ಮತ್ತು ದುಡಿಮೆಯ ನಷ್ಟದ ಶೇಕಡಾವಾರು ಒಂದೇ ಅಲ್ಲವೆಂದೂ ಅದು ವಿವರಿಸಿದೆ. ಅದೇ ತೀರ್ಪು ನಿಜವಾಗಿ ನೊಂದವರಿಗೆ ನ್ಯಾಯವಾದ ಪರಿಹಾರ ಸಿಗಬೇಕೆಂಬುದನ್ನೂ ಎತ್ತಿಹಿಡಿಯಿತು.

ಸುಳ್ಳು ಬೇಡಿಕೆಗಳು ವ್ಯವಸ್ಥಿತ ದಂಧೆಯಾದಾಗ ಏನಾಗುತ್ತದೆಂಬುದಕ್ಕೆ ಉತ್ತರ ಪ್ರದೇಶದ ಉದಾಹರಣೆಯಿದೆ. ಅಲಹಾಬಾದ್ ಹೈಕೋರ್ಟು 2015ರ ಅಕ್ಟೋಬರಿನಲ್ಲಿ ನೀಡಿದ ಆದೇಶದಂತೆ ಅಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. ನಕಲಿ ಅಪಘಾತ ಕ್ಲೇಮುಗಳ ಈ ತನಿಖೆ ಕುಂಟುತ್ತಿರುವುದನ್ನು 2021ರಲ್ಲಿ ಸುಪ್ರೀಂ ಕೋರ್ಟು ಗಂಭೀರವಾಗಿ ಪರಿಗಣಿಸಿತು. ಇಂತಹ ಅರ್ಜಿಗಳಲ್ಲಿ ಭಾಗಿಯಾದ ವಕೀಲರ ವಿಷಯದಲ್ಲಿ ವಕೀಲರ ಪರಿಷತ್ತಿನ ನಿಷ್ಕ್ರಿಯತೆಯನ್ನೂ ಪ್ರಶ್ನಿಸಿತು. ನ್ಯಾಯಾಲಯದಲ್ಲಿ ಅಪ್ರಾಮಾಣಿಕವಾಗಿ ಸುಳ್ಳು ಬೇಡಿಕೆ ಹೂಡುವುದು ನ್ಯಾಯ ಸಂಹಿತೆಯ 246ನೆಯ ಪ್ರಕರಣದಂತೆ ದಂಡನೀಯ. ಸುಳ್ಳು ಕ್ಲೇಮಿಗೆ ಹೋದ ಹಣ ಕಂಪನಿಯದೆಂದು ಉದಾಸೀನರಾಗಬಾರದು. ಅದು ಪ್ರೀಮಿಯಂ ಕಟ್ಟುವವರೆಲ್ಲರ ಹಣ. ಅದಕ್ಕಿಂತ ಮಿಗಿಲಾಗಿ, ಸುಳ್ಳುಗಳು ಹೆಚ್ಚಿದಷ್ಟೂ ಕಾಲು ಮುರಿದುಕೊಂಡ ಬಡ ಕೂಲಿಗಾರನ ನಿಜವಾದ ಅರ್ಜಿಯನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಕೊನೆಯದಾಗಿ, ನಮ್ಮ ಕಡೆಯ ಸುಳ್ಳಿನ ಬಗ್ಗೆಯೂ ಒಂದು ಮಾತು. ಲೈಸೆನ್ಸ್ ಇಲ್ಲದ ಮಗ ಕಾರು ಓಡಿಸುತ್ತಿದ್ದು, ಠಾಣೆಯಲ್ಲಿ ತಂದೆ "ನಾನೇ ಓಡಿಸುತ್ತಿದ್ದೆ" ಎಂದರೆ ಅದೂ ಸುಳ್ಳೇ. ಪರಿಚಯದ ಗಾಯಾಳುವಿಗೆ ಸಹಾಯವಾಗಲೆಂದು ತನ್ನ ಕಾರೇ ಗುದ್ದಿತೆಂದು ಒಪ್ಪಿಕೊಳ್ಳುವುದೂ ಸುಳ್ಳೇ. ಮಾಲೀಕನೂ ಅರ್ಜಿದಾರನೂ ಒಳಸಂಚು ಮಾಡಬಹುದೆಂಬುದನ್ನು ಅಧಿನಿಯಮವೇ ಮುಂಗಂಡಿದೆ. ಅಂತಹ ಸಂದರ್ಭದಲ್ಲಿ ಮಾಲೀಕನಿಗೆ ಲಭ್ಯವಿರುವ ಎಲ್ಲ ವಾದಗಳನ್ನೂ ಮಂಡಿಸಲು 170ನೆಯ ಪ್ರಕರಣವು ವಿಮಾ ಕಂಪನಿಗೆ ಅವಕಾಶ ನೀಡುತ್ತದೆ. ಎದುರಿನವನಿಂದ ಸತ್ಯವನ್ನು ನಿರೀಕ್ಷಿಸುವವರು ತಾವು ಮೊದಲು ಸತ್ಯವನ್ನು ಹೇಳಬೇಕು.

ನಾವು ಊಹಿಸಿಕೊಂಡ ಆ ಹಿರಿಯರು ಅಂದೇ ಸ್ಕೂಟರಿನ ಸವಾರನನ್ನು ಆಸ್ಪತ್ರೆಗೆ ಕರೆದೊಯ್ದು, ಠಾಣೆಗೂ ಕಂಪನಿಗೂ ತಿಳಿಸಿದ್ದರೆ, ಮೂರನೆಯ ದಿನದ ಕರೆ ಅವರನ್ನು ಅಷ್ಟು ಕಾಡುತ್ತಿರಲಿಲ್ಲ. ತಡವಾಗಿದ್ದರೂ ದಾರಿ ಮುಚ್ಚಿಲ್ಲ. ಕೊಟ್ಟ ಎರಡು ಸಾವಿರವನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಅವರು ಇಂದೇ ಠಾಣೆಗೂ ಕಂಪನಿಗೂ ಕೊಡಲಿ. ಆ ಸವಾರನ ಭುಜ ನಿಜವಾಗಿಯೂ ಮುರಿದಿದ್ದರೆ ಆತನಿಗೆ ಪರಿಹಾರ ದೊರೆಯಲಿ. ಮುರಿಯದಿದ್ದರೆ ಅದೂ ದಾಖಲೆಯಿಂದಲೇ ತಿಳಿದುಬರಲಿ. ಇವೆರಡರಲ್ಲಿ ಯಾವುದೇ ಆದರೂ ಆ ಹಿರಿಯರು ನೆಮ್ಮದಿಯಿಂದ ನಿದ್ರಿಸಬಹುದು.