ಹಟಮಾರಿ ನಟ್ಟಿಗೆ ತಾಳ್ಮೆಯ ಮದ್ದು



ಮುಂಬಯಿಯ ಮಳೆ, ಉಪ್ಪುಗಾಳಿ ಎರಡೂ ಕಬ್ಬಿಣಕ್ಕೆ ವೈರಿ. ಕಾರಿನ ಚಕ್ರದ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಗ್ಯಾರೇಜಿನಲ್ಲಿ ಗಾಳಿಯ ಗನ್ನಿನಿಂದ ವಿಪರೀತ ಬಿಗಿದಿದ್ದರಂತೂ ಕೇಳುವುದೇ ಬೇಡ. ರಾತ್ರಿ ಹೈವೇಯಲ್ಲಿ ಪಂಕ್ಚರ್ ಆಗಿ ನಟ್ಟು ಬಿಚ್ಚದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದಂತೆ.

ನನ್ನ ಕಾರಿನ ಚಕ್ರ ನಾನೇ ಬಿಚ್ಚುತ್ತೇನೆ. ಅದಕ್ಕೆ ತೋಳ್ಬಲಕ್ಕಿಂತ ಕ್ರಮ ಮುಖ್ಯ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಬೇಕು. ಜಾಕ್ ಏರಿಸಿದ ಮೇಲೆ ಜಗ್ಗಿದರೆ ಕಾರು ಜಾರೀತು! ಪಾನಾ ನಟ್ಟಿಗೆ ಸರಿಯಾಗಿ ಕೂರಬೇಕು. ಸಡಿಲವಿದ್ದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ.

ಬಗ್ಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇಯನ್ನು ನಟ್ಟಿನ ಬುಡಕ್ಕೆ ಸ್ವಲ್ಪವೇ ಹೊಡೆದು 15 ನಿಮಿಷ ಬಿಡಿ. ಬ್ರೇಕಿನ ಮೇಲೆ ಬೀಳಬಾರದು. ಆಮೇಲೆ ಮೊದಲು ತುಸುವೇ ಬಿಗಿಸಿ, ನಂತರ ಬಿಚ್ಚಿ. ತುಕ್ಕಿನ ಹಿಡಿತ ಒಡೆಯುತ್ತದೆ. ಇನ್ನೂ ಆಗದಿದ್ದರೆ ಉದ್ದ ಹಿಡಿಯ ಪಾನಾ ಬಳಸಿ. ಹಿಡಿ ಎರಡು ಪಟ್ಟು ಉದ್ದವಾದರೆ ಅಷ್ಟೇ ಬಲಕ್ಕೆ ತಿರುಗಿಸುವ ಶಕ್ತಿಯೂ ಎರಡು ಪಟ್ಟು. ಬೆಂಕಿ ತೋರಿಸುವ ಸಾಹಸ ಮಾತ್ರ ಬೇಡ.

ಮರಳಿ ಹಾಕುವಾಗ ಎಣ್ಣೆ ಒರೆಸಿ, ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದು ಬಿಗಿಸಿ. ಸುಮಾರು 50 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ, ಸೊಸೈಟಿಯ ಪಾರ್ಕಿಂಗ್‌ನಲ್ಲೇ, ಒಂದೊಂದೇ ನಟ್ಟನ್ನು ಸಡಿಲಿಸಿ, ಬಿಗಿಸಿ ನೋಡಿ. ಅಲ್ಲಿ ಬಗ್ಗದ ನಟ್ಟು ಘಾಟಿಯ ಮಳೆಯಲ್ಲೂ ಬಗ್ಗುವುದಿಲ್ಲ.