ವಿಷ ಎಲ್ಲಿಗೆ ಹೋಯಿತು?

(ಬಸವೇಶ್ವರನಗರದ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)



ನಾನು ಸರ್ಕಾರಿ ಸೇವೆಯಲ್ಲಿದ್ದಾಗ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿದವನು. ನೀರು ಚಿಮ್ಮಿದ ಕೂಡಲೇ ಊರಿನವರು ರಿಗ್ ಲಾರಿಗೆ ಕಾಯಿ ಒಡೆದು ನಮಗೂ ಒಂದು ಹೋಳು ಕೊಡುತ್ತಿದ್ದರು. ಫ್ಲೋರೈಡ್, ಗಡಸುತನ, ಉಪ್ಪಿನಂಶ ನೋಡಿ ‘ಕುಡಿಯಲು ಯೋಗ್ಯ’ ಎಂದು ಬರೆಯುತ್ತಿದ್ದೆವು. ಆರ್ಸೆನಿಕ್ ಇದೆಯೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನೀರಿನಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅಂದು ಕೇಳದೆ ಬಿಟ್ಟ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ, ಕರಾವಳಿಯ ಮಂಗಳೂರಲ್ಲ. ಅಲ್ಲಿ ಹಳೆಯ ಚಿನ್ನದ ಗಣಿಗಳಿವೆ. ಆ ಭಾಗದ ಕಿರದಳ್ಳಿ ತಾಂಡಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಅನೇಕರ ಮೈಮೇಲೆ ಅದರ ಗುರುತುಗಳಿರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಈ ವಿಷ ಏರಿದವರ ಅಂಗೈ ಅಂಗಾಲು ಗಂಟುಗಟ್ಟುತ್ತವೆ, ಮೈಮೇಲೆ ಕಪ್ಪು ಚುಕ್ಕೆ ಏಳುತ್ತವೆ. ನಾನು ಆ ತಾಂಡಾದಲ್ಲಿ ಕೆಲಸ ಮಾಡಿದವನಲ್ಲ. ಆದರೆ ಬೇರೆ ಊರುಗಳಲ್ಲಿ ನಾನು ಹಾಕಿದ ಸಹಿಗಳು ನೆನಪಿಗೆ ಬಂದು ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಇಂಥ ವಿಷ ಬಂಡೆಯಿಂದ ನೀರಿಗೆ ಹೇಗೆ ಇಳಿಯುತ್ತದೆ? ಚಿನ್ನದ ಅದಿರಿನಲ್ಲಿ ಹಲವೆಡೆ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಬೆಸೆದ ಖನಿಜವಿರುತ್ತದೆ. ನೆಲದಾಳದಲ್ಲಿ ಗಾಳಿ ತಾಗದಿದ್ದರೆ ಅದು ಬಹುಪಾಲು ತೆಪ್ಪಗಿರುತ್ತದೆ. ಅಗೆದು, ಪುಡಿಮಾಡಿ, ಗುಡ್ಡೆ ಹಾಕಿದರೆ ಗಾಳಿ ಮಳೆ ತಾಗುತ್ತವೆ. ಕಬ್ಬಿಣ ಗಂಧಕಗಳಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕಲ್ಲು ಕರಗುವುದನ್ನು ಚುರುಕುಗೊಳಿಸುತ್ತವೆ. ಇಂಥ ಒಂದನ್ನು 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಯ ಆಮ್ಲನೀರಿನಲ್ಲಿ ಗುರುತಿಸಿದರು. ಇದೇ ಜೀವಿಯಿಂದ ಅದಿರಿನೊಳಗೆ ಸಿಕ್ಕಿಕೊಂಡ ಚಿನ್ನವನ್ನು ಬಿಡಿಸುವ ಬಗ್ಗೆ ನಮ್ಮ ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಅವರು ವರ್ಷಗಟ್ಟಲೆ ಸಂಶೋಧನೆ ಮಾಡಿದರು.

ಬಿಡಿಸುವ ಜೀವಿಗಳಿದ್ದಂತೆ ಹಿಡಿದಿಡುವ ಜೀವಿಗಳೂ ಇವೆ. ಕೆಲವು ಬ್ಯಾಕ್ಟೀರಿಯಾ ಆರ್ಸೆನಿಕ್ಕನ್ನು ಸುಲಭವಾಗಿ ಸೋಸಬಹುದಾದ ರೂಪಕ್ಕೆ ತರುತ್ತವೆ. ಇನ್ನು ಕೆಲವು ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸುತ್ತವೆ. ಆ ತುಕ್ಕಿಗೆ ಆರ್ಸೆನಿಕ್ ಅಂಟಿ, ಮರಳಿನ ಸೋಸುಕದಲ್ಲಿ ಉಳಿಯುತ್ತದೆ. ನಮ್ಮ ರಾಜಾಜಿನಗರ, ಪೀಣ್ಯದಲ್ಲಿ ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕೆಲಸ ನಡೆಯುತ್ತದಲ್ಲ, ಅಲ್ಲಿ ಬಳಸುವ ಆರನೇ ಬಗೆಯ ಕ್ರೋಮಿಯಂ ಘೋರ ವಿಷ. ಅದನ್ನೂ ಹೆಚ್ಚು ಕರಗದ, ಅಷ್ಟು ಅಪಾಯವಿಲ್ಲದ ಮೂರನೇ ಬಗೆಗೆ ತಿರುಗಿಸುವ ಬ್ಯಾಕ್ಟೀರಿಯಾ ಇವೆ.

ಆದರೆ ಇಲ್ಲೊಂದು ಮಾತು ಮರೆಯಬಾರದು. ಎಂಜಲು, ಸಗಣಿಯನ್ನು ಬ್ಯಾಕ್ಟೀರಿಯಾ ತಿಂದರೆ ಅದು ಗೊಬ್ಬರವಾಗುತ್ತದೆ, ಗಾಳಿಯಾಗುತ್ತದೆ. ಲೋಹ ಹಾಗಲ್ಲ. ಅದು ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಇಲ್ಲವಾಗುವುದಿಲ್ಲ. ನೀರಿನಿಂದ ತೆಗೆದದ್ದು ಕೆಸರಿನಲ್ಲಿ ಕೂತಿರುತ್ತದೆ. ಆ ಕೆಸರನ್ನು ರಾತ್ರಿ ವೃಷಭಾವತಿಗೆ ಸುರಿದರೆ ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ರೈತನ ಹೊಲಕ್ಕೆ. ನೆದರ್ಲೆಂಡ್ಸಿನ ಬುಡೆಲ್ ಎಂಬಲ್ಲಿ ಸತುವಿನ ಕಾರ್ಖಾನೆಯೊಂದು 1992ರಿಂದ ಕೆಟ್ಟ ಅಂತರ್ಜಲವನ್ನು ಬ್ಯಾಕ್ಟೀರಿಯಾದಿಂದ ಶುದ್ಧಿ ಮಾಡಿತು. ಕೂತ ಸತುವಿನ ಕೆಸರನ್ನು ಹೊರಗೆ ಎಸೆಯದೆ ತನ್ನ ಕುಲುಮೆಗೇ ಮರಳಿಸಿತು. ನಾನು ಮೆಚ್ಚುವುದು ಇದನ್ನೇ. ಕಾಯಕ ಮಾಡಿದವನೇ ಅದರ ಕಸಕ್ಕೂ ಹೊಣೆಗಾರ.

ಬಂಧುಗಳೇ, ಮೂರು ಬಿನ್ನಹ. ಮಠದ, ವಸತಿನಿಲಯದ ಕೊಳವೆಬಾವಿ ನೀರನ್ನು ಆರ್ಸೆನಿಕ್, ಕ್ರೋಮಿಯಂಗೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸಾವಿರ ಲೀಟರಿನ ಟ್ಯಾಂಕಿಗೆ ಬರೀ 10 ಮಿಲಿಗ್ರಾಂ, ನಾಲಿಗೆಗೆ ತಿಳಿಯದು. ಎರಡನೆಯದು, ನಮ್ಮಲ್ಲಿ ಪ್ಲೇಟಿಂಗ್ ಶೆಡ್ಡು ನಡೆಸುವವರಿದ್ದಾರೆ. ನೀರು ಶುದ್ಧಿ ಮಾಡಿದೆವು ಎಂದರೆ ಸಾಲದು, ಕೆಸರು ಎಲ್ಲಿಗೆ ಹೋಯಿತೆಂದು ಲೆಕ್ಕ ಇಡಿ. ಮೂರನೆಯದು, ಮೈಮೇಲೆ ಕಲೆ ಎದ್ದವರನ್ನು ಕಂಡು ಪೂರ್ವಜನ್ಮದ ಕರ್ಮ ಎನ್ನಬೇಡಿ, ದೂರ ಕೂರಿಸಬೇಡಿ. ಅದು ಅಂಟುವ ರೋಗವಲ್ಲ. ಮೊದಲು ಅವರು ಕುಡಿಯುವ ನೀರನ್ನು ನೋಡಿ.

ನಾನು ಕೇಳಬೇಕಾದ ಕಾಲದಲ್ಲಿ ಕೇಳಲಿಲ್ಲ. ನೀವು ಕೇಳಿ.