ನಜರೇತಿನ ಮನೆಯೂ ನಮ್ಮ ಮನೆಯ ನೀರೂ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಡಗರ ಇನ್ನೂ ಇಳಿದಿಲ್ಲ. ಗೋದಲಿಯಲ್ಲಿ ದೀಪ ಉರಿಯುತ್ತಿದೆ, ಮನೆಗಳ ಮುಂದೆ ನಕ್ಷತ್ರ ತೂಗುತ್ತಿದೆ, ಡಬ್ಬಿಯ ತಳದಲ್ಲಿ ಒಂದೆರಡು ಕಜ್ಜಾಯವೂ ಉಳಿದಿರಬಹುದು. ಇದರ ನಡುವೆಯೇ ಧರ್ಮಸಭೆ ನಮ್ಮನ್ನು ನಜರೇತಿನ ಒಂದು ಮನೆಯ ಬಾಗಿಲಿಗೆ ಕರೆತಂದು ನಿಲ್ಲಿಸಿದೆ. ಇಂದು ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬದ ಹಬ್ಬ.

ಈ ಹಬ್ಬದಲ್ಲಿ ಗುರುಗಳು ಏನು ಹೇಳುತ್ತಾರೆಂಬುದು ನಿಮಗೆ ಬಾಯಿಪಾಠ. ಮಕ್ಕಳು ತಂದೆತಾಯಿಗೆ ವಿಧೇಯರಾಗಿರಬೇಕು, ಗಂಡ ಹೆಂಡತಿ ಹೊಂದಿಕೊಂಡು ಹೋಗಬೇಕು, ಸಂಜೆ ಟಿ.ವಿ. ಆರಿಸಿ ಎಲ್ಲರೂ ಕೂಡಿ ಜಪಮಾಲೆ ಮಾಡಬೇಕು. ಅದೆಲ್ಲ ಬೇಕಾದದ್ದೇ. ಇಂದು ಮಾತ್ರ ನಾನು ನಿಮ್ಮ ಮನೆಯ ಸಂಪು, ನಲ್ಲಿ, ಕಸದ ಬುಟ್ಟಿಗಳ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಫಾದರ್‌ಗೆ ಏನಾಯಿತು, ಪೀಠದ ಬಳಿ ನಿಂತು ಜಲಮಂಡಳಿಯ ಪ್ರಕಟಣೆ ಓದುತ್ತಿದ್ದಾರಲ್ಲ ಎಂದು ಕೆಲವರಿಗೆ ಅನ್ನಿಸೀತು. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನೀರನ್ನು ಮಿತವಾಗಿ ಬಳಸುವುದು, ಕಸ ಬೇರ್ಪಡಿಸುವುದು, ಉಣ್ಣುವಷ್ಟನ್ನೇ ಬೇಯಿಸುವುದು ಮುಂತಾದ ಸಣ್ಣಪುಟ್ಟ ಮನೆಗೆಲಸಗಳನ್ನೇ ಹೆಸರಿಸಿ ಹೇಳಿದ್ದಾರೆ. ಪೋಪರಿಗೆ ಸಣ್ಣದೆನಿಸದ ವಿಷಯ ಒಬ್ಬ ಧರ್ಮಕೇಂದ್ರದ ಗುರುವಿಗೆ ಸಣ್ಣದಾಗುವುದು ಹೇಗೆ?

ನಜರೇತಿನ ಆ ಮನೆ ಹೇಗಿತ್ತು? ನಮ್ಮ ಗೋದಲಿಗಳಲ್ಲಿರುವಂತೆ ಬಣ್ಣದ ಕಾಗದದ ಮನೆಯಂತೂ ಅಲ್ಲ. 1955ರಿಂದ ಅಲ್ಲಿ ಉತ್ಖನನ ನಡೆಸಿದ ಫ್ರಾನ್ಸಿಸ್ಕನ್ ಗುರು ಬೆಲ್ಲಾರ್ಮಿನೊ ಬಗಾಟಿಯವರು ಹಳೆಯ ಊರಿನ ಬಂಡೆಯಲ್ಲಿ ಕೊರೆದ ಧಾನ್ಯದ ಹಗೇವುಗಳನ್ನೂ, ದ್ರಾಕ್ಷಿ ಹಿಂಡುವ ತೊಟ್ಟಿಗಳನ್ನೂ, ಮಳೆನೀರು ಕೂಡಿಡುವ ತೊಟ್ಟಿಗಳನ್ನೂ ಕಂಡರು. ಅದೊಂದು ಚಿಕ್ಕ ಹಳ್ಳಿ. ಊರಿಗೆಲ್ಲ ಒಂದು ದೊಡ್ಡ ಬುಗ್ಗೆ. ಇಂದಿಗೂ ಅದಕ್ಕೆ ಮರಿಯಮ್ಮನವರ ಬಾವಿ ಎನ್ನುತ್ತಾರೆ. ಗಲಿಲೇಯದಲ್ಲಿ ಬೇಸಿಗೆ ಬಂತೆಂದರೆ ಐದಾರು ತಿಂಗಳು ಮಳೆಯ ಮಾತೇ ಇಲ್ಲ. ಚಳಿಗಾಲದ ಮಳೆಯನ್ನು ಬಂಡೆಯ ಹೊಟ್ಟೆಯಲ್ಲಿ ಕೂಡಿಟ್ಟವರಿಗೆ ಬೇಸಿಗೆ ಕಳೆಯುತ್ತಿತ್ತು. ದೇವಪುತ್ರರು ಬೆಳೆದದ್ದು ನೀರನ್ನು ಅಳೆದು ಬಳಸುವ ಊರಿನಲ್ಲಿ. ಮುಂದೆ ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೂ ಅವರು ಉಳಿದ ತುಣುಕುಗಳನ್ನು ಹಾಗೇ ಬಿಡಗೊಡಲಿಲ್ಲ, ಹನ್ನೆರಡು ಬುಟ್ಟಿ ತುಂಬಿಸಿದರು. ಅದ್ಭುತ ಮಾಡಬಲ್ಲವರಿಗೆ ಮಿಕ್ಕ ರೊಟ್ಟಿಯ ಚಿಂತೆ ಏಕೆ? ಆ ಬುದ್ಧಿ ಅವರಿಗೆ ತಾಯಿಯ ಅಡುಗೆಮನೆಯಿಂದಲೇ ಬಂದಿರಬೇಕೆಂದು ನನ್ನ ಊಹೆ.

ಗಲಿಲೇಯ ದೂರವಾಯಿತು ಎನ್ನುವಿರಾದರೆ ನಮ್ಮ ವಿಜಯನಗರಕ್ಕೇ ಬನ್ನಿ. ಇಲ್ಲಿ ‘ಸೌರಭ’ ಎಂಬ ಒಂದು ಮನೆಯಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್‌ರವರು 1995ರಲ್ಲಿ ನಲವತ್ತು ಅರವತ್ತರ ಸೈಟಿನಲ್ಲಿ ಅದನ್ನು ಕಟ್ಟಿದರು. ಮನೆ ಕಟ್ಟಿದವರೆಲ್ಲ ಮೊದಲು ಓಡುವುದು ಕಾವೇರಿ ಸಂಪರ್ಕಕ್ಕೆ. ಅವರು ಅರ್ಜಿಯನ್ನೇ ಹಾಕಲಿಲ್ಲ. ಬದಲಿಗೆ ಬೆಂಗಳೂರಿನ ನೂರು ವರ್ಷದ ಮಳೆಯ ದಾಖಲೆ ತೆಗೆದು ಕುಳಿತರು. ಒಂದು ಒಳ್ಳೆಯ ಮಳೆಗೂ ಮುಂದಿನ ಒಳ್ಳೆಯ ಮಳೆಗೂ ನಡುವೆ ಅತಿ ಹೆಚ್ಚೆಂದರೆ ಎಷ್ಟು ದಿನದ ಅಂತರ ಎಂದು ನೋಡಿದರೆ, ಸುಮಾರು ನೂರು ದಿನ. ಮನೆಮಂದಿಗೆ ದಿನಕ್ಕೆ ಬೇಕಾದದ್ದು ಸುಮಾರು 400 ಲೀಟರ್. ಅಂದರೆ ನೂರು ದಿನಕ್ಕೆ ನಲವತ್ತು ಸಾವಿರ. ಸುಮಾರು 45,000 ಲೀಟರ್ ಹಿಡಿಯುವಷ್ಟು ತೊಟ್ಟಿ ಕಟ್ಟಿಸಿದರು. ಒಂದಿಷ್ಟು ಮಾಡಿನ ಮಟ್ಟದಲ್ಲಿ, ಉಳಿದದ್ದು ನೆಲದಡಿ. ಮೊದಲ ಮಳೆಯ ಕೊಳೆ ತೊಟ್ಟಿಗಿಳಿಯದಂತೆ ತಾವೇ ಒಂದು ಫಿಲ್ಟರ್ ರೂಪಿಸಿದರು. ಬಟ್ಟೆ ಒಗೆದ ನೀರು ಶೌಚಾಲಯಕ್ಕೆ, ಮಿಕ್ಕ ಮಳೆನೀರು ಇಂಗುಗುಂಡಿಗೆ. ನಲ್ಲಿಯ ಬಿಲ್ಲೇ ಇಲ್ಲದೆ ಆ ಕುಟುಂಬ ದಶಕಗಳನ್ನು ಕಳೆಯಿತು.

ಈ ಲೆಕ್ಕ ಮಾಡಲು ವಿಜ್ಞಾನಿಯೇ ಆಗಬೇಕಿಲ್ಲ, ಮಕ್ಕಳೇ, ನೀವೂ ಮಾಡಬಹುದು. ಮೂವತ್ತು ನಲವತ್ತರ ಸೈಟು ಎಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 950 ಮಿಲಿಮೀಟರ್ ಮಳೆ. ಗುಣಿಸಿ ನೋಡಿ, ಒಂದು ಲಕ್ಷ ಲೀಟರ್ ದಾಟುತ್ತದೆ. ಒಂದಿಷ್ಟು ಆವಿಯಾಗಿ, ಸೋರಿ ಹೋದರೂ ಮಿತವಾಗಿ ಬಳಸುವ ಮನೆಗೆ ಅರ್ಧ ವರ್ಷ ಸಾಕಾಗುವಷ್ಟು ನೀರು. ಅದನ್ನೆಲ್ಲ ನಾವು ಪೈಪಿನಲ್ಲಿಳಿಸಿ ಬೀದಿಗೆ ಬಿಡುತ್ತೇವೆ. ಬೀದಿ ಹೊಳೆಯಾದಾಗ ಪಾಲಿಕೆಯನ್ನು ಬಯ್ಯುತ್ತೇವೆ, ಏಪ್ರಿಲ್ಲಿನಲ್ಲಿ ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ಮಳೆನೀರು ಕೊಯ್ಲು ಕಡ್ಡಾಯವೆಂಬ ಕಾನೂನು 2009ರಲ್ಲೇ ಬಂದಿದೆ. ದಂಡಕ್ಕೆ ಹೆದರಿ ಒಂದು ಪೈಪು ಇಳಿಸಿ, ಅದರ ಬಾಯಿ ಎಲ್ಲಿದೆ ಎಂದು ಕೂಡ ನೋಡದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ನಮ್ಮ ನಲ್ಲಿಗೆ ಬರುವ ನೀರಿನ ಪ್ರಯಾಣ ನಿಮಗೆ ಗೊತ್ತೇ? ಬೆಂಗಳೂರಿಗೆ ಮೊದಲು ಹೆಸರಘಟ್ಟದ ನೀರು ಬಂತು, 1933ರಿಂದ ತಿಪ್ಪಗೊಂಡನಹಳ್ಳಿಯದು. ಎರಡೂ ಅರ್ಕಾವತಿಯ ಕೊಡುಗೆ, ಎರಡೂ ಹತ್ತಿರದವು. ಹತ್ತಿರದ್ದನ್ನು ಕೆಡಿಸಿಕೊಂಡೆವು. 1974ರಿಂದ ಕಾವೇರಿ ಬರುತ್ತಿದ್ದಾಳೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ. ಮೂರು ಕಡೆ ಪಂಪುಗಳು ಎತ್ತಿ ಎತ್ತಿ ಕಳಿಸಬೇಕು. ನಾವು ಕಾರು ತೊಳೆಯುವ ಪ್ರತಿ ಬಕೆಟ್ಟಿನಲ್ಲೂ ಅಷ್ಟು ವಿದ್ಯುತ್ತು ಕರಗಿದೆ. ಮಂಡ್ಯದ ರೈತನ ಗದ್ದೆಯ ಪಾಲೂ ಇದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿದ್ದು ನೆನಪಿರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊಸ ನೀರು ಬಂದದ್ದು ಸಂತೋಷ. ಬಂದ ಕೂಡಲೇ ಹಳೆಯ ಚಾಳಿಯೂ ಮರಳಿತು ಎಂಬುದನ್ನು ಭಾನುವಾರ ಬೆಳಿಗ್ಗೆ ಪೂಜೆಗೆ ಬರುವ ದಾರಿಯಲ್ಲೇ ಕಾಣಬಹುದು.

ಬರುವ ನೀರಿನ ಕಥೆ ಇದಾದರೆ ಹೋಗುವ ನೀರಿನದ್ದು ಇನ್ನೂ ನೋವಿನದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ, ಈ ಇಡೀ ಇಳಿಜಾರಿನ ನೀರು ಸೇರುವುದು ವೃಷಭಾವತಿಯನ್ನು. ಮೈಸೂರು ರಸ್ತೆಯಲ್ಲಿ ಬಸ್ಸು ಹತ್ತಿದವರು ಕಿಟಕಿ ಮುಚ್ಚುವುದು ಆ ನದಿಯನ್ನು ಕಂಡೇ. ಅದು ಮೋರಿಯಲ್ಲ, ನದಿ; ಅದರ ದಂಡೆಯಲ್ಲಿ ಗಾಳಿ ಆಂಜನೇಯನ ಗುಡಿ ಕಟ್ಟಿದವರು ಮೋರಿಯ ಪಕ್ಕ ಕಟ್ಟಿದ್ದಲ್ಲ. ಪೀಣ್ಯದ ಕಾರ್ಖಾನೆಗಳ ವಿಷವೂ ಅದರಲ್ಲಿದೆ ನಿಜ, ದೋಷವನ್ನೆಲ್ಲ ನಮ್ಮ ಬಚ್ಚಲಿನ ಮೇಲೆ ಹೊರಿಸಲಾರೆ. ಆದರೆ ನೊರೆಯಲ್ಲಿ ನಮ್ಮ ಸೋಪಿನ ಪುಡಿಯ ಪಾಲೂ ಇದೆ. ಆ ನೀರು ಕೆಂಗೇರಿ ದಾಟಿ ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಹೋಗಿ ನಿಲ್ಲುತ್ತದೆ. ಅಲ್ಲಿಯ ರೈತರು ಅದನ್ನೇ ಹೊಲಕ್ಕೆ ಹಾಯಿಸುತ್ತಾರೆ. ಹುಲ್ಲು ಬೆಳೆಯುತ್ತಾರೆ, ತರಕಾರಿ ಬೆಳೆಯುತ್ತಾರೆ. ಆ ಹುಲ್ಲು ಮೇಯುವ ಹಸುವಿನ ಹಾಲು ಎಲ್ಲಿಗೆ ಬರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಕೇಳಿದಾಗ ಪ್ರಭು ಒಂದು ದಾರಿಯ ಕಥೆ ಹೇಳಿದರು. ನಮಗಾದರೆ ಆ ದಾರಿ ಬಚ್ಚಲಿನ ಜಾಲರಿಯಿಂದ ಬೈರಮಂಗಲದವರೆಗೆ ಹೋಗುತ್ತದೆ.

ಕಸದ ಮಾತೂ ಅಷ್ಟೇ. 2012ರಲ್ಲಿ ಮಾವಳ್ಳಿಪುರದ ಜನ ಇನ್ನು ಸಾಕು ಎಂದರು, 2014ರಲ್ಲಿ ಮಂಡೂರಿನವರು ಎಂದರು. ಆಮೇಲೆ ನಮ್ಮ ಕಡೆಯೇ, ಮಾಗಡಿ ರಸ್ತೆಯ ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಘಟಕಗಳಾದವು, ಅಲ್ಲಿಯವರು ಮೂಗು ಮುಚ್ಚಿಕೊಳ್ಳಬೇಕಾಯಿತು. ಹಸಿ ಕಸ ಗೊಬ್ಬರವಾಗಲು ಹೊರಟಾಗ ಅದರೊಳಗೆ ಡೈಪರು, ಹಾಲಿನ ಪೊಟ್ಟಣ, ಒಡೆದ ಬಲ್ಬು ಸೇರಿಸಿ ಕಟ್ಟಿ ಕೊಡುವ ಕೈ ನಮ್ಮದು. ಹೈಕೋರ್ಟು 2015ರಲ್ಲೇ ಎರಡು ಬುಟ್ಟಿ ಒಂದು ಚೀಲ ಎಂದು ಹೇಳಿತು. ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಾವು ಬೇರ್ಪಡಿಸದೆ ಹೋದರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವಳು ಬೆಳಿಗ್ಗೆ ಆರಕ್ಕೆ ಗಾಡಿಯ ಜೊತೆ ಬರುವ ಪೌರಕಾರ್ಮಿಕ ಹೆಣ್ಣುಮಗಳು. ನಮ್ಮ ಪೂಜೆಗೆ ಬರುವವರಲ್ಲೂ ಅಂಥವರಿದ್ದಾರೆ, ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಮೊನ್ನೆ ಮನೆ ಸಂದರ್ಶನದ ಸಮಯದಲ್ಲಿ ಈ ವಿಷಯವನ್ನೆಲ್ಲ ಹೇಳುತ್ತಿದ್ದಾಗ ಒಬ್ಬ ತಾಯಿ ನಗುತ್ತಲೇ ಅಂದರು: “ಪ್ರಸಂಗ ನಿಮ್ಮದು ಫಾದರ್, ಬಕೆಟ್ಟು ನನ್ನದು.” ಆ ಮಾತು ನನ್ನನ್ನು ಬಿಟ್ಟಿಲ್ಲ. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವವರು ಯಾರು? ಆರ್‌ಓ ಯಂತ್ರ ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಚೆಲ್ಲುವುದನ್ನು ಹಿಡಿದು ನೆಲ ಒರೆಸುವವರು ಯಾರು? ಗೊಬ್ಬರದ ಮಡಕೆಗೆ ತೆಂಗಿನ ನಾರು ಹಾಕಿ ಕಲಕುವವರು, ಹಾಲಿನ ಪೊಟ್ಟಣ ತೊಳೆದು ಒಣಗಿಸುವವರು? ಮನೆಯ ಯಜಮಾನರು ‘ನಮ್ಮದು ಪರಿಸರಸ್ನೇಹಿ ಕುಟುಂಬ’ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಾರೆ, ಸೊಂಟ ನೋಯುವುದು ಯಜಮಾನಿಯದು. ಹೀಗೆ ಒಬ್ಬರ ಬೆನ್ನಿನ ಮೇಲೆ ನಡೆಯುವ ಹಸಿರು ಬದುಕು ಮೂರು ವಾರ ಬಾಳೀತು, ಅಷ್ಟೇ. ನಾನು ಕಂಡಂತೆ ಹೆಚ್ಚಿನ ಮನೆಗಳಲ್ಲಿ ಇದು ನಿಂತುಹೋಗಲು ಕಾರಣ ಸೋಮಾರಿತನವಲ್ಲ, ಹಂಚಿಕೊಳ್ಳದಿರುವುದು.

ಇಂದಿನ ಶುಭಸಂದೇಶವನ್ನು ಇನ್ನೊಮ್ಮೆ ನೆನೆಯಿರಿ. ಸಂತ ಜೋಸೆಫರು ಇಡೀ ಶುಭಸಂದೇಶದಲ್ಲಿ ಒಂದು ಮಾತನ್ನೂ ಆಡಿದ ದಾಖಲೆಯಿಲ್ಲ. ಆದರೆ ಮತ್ತಾಯರು ಎರಡು ಬಾರಿ ಬರೆಯುತ್ತಾರೆ: ಅವರು ಎದ್ದರು. ರಾತ್ರಿಯಲ್ಲಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಮತ್ತೆ ಎದ್ದು ಮರಳಿ ಬಂದು ನಜರೇತಿನಲ್ಲಿ ನೆಲೆಸಿದರು. ಮರಿಯಳನ್ನು ಎಬ್ಬಿಸಿ ನೀನು ಗಂಟು ಕಟ್ಟು, ನಾನು ಮಲಗುತ್ತೇನೆ ಎನ್ನಲಿಲ್ಲ. ಗಂಡಸರೇ, ಈ ಹಬ್ಬದ ಸಂದೇಶ ನಮಗಿರುವುದು ಅಲ್ಲಿ. ಮಾಡಿನ ಪೈಪಿನ ಬಾಯಿ ಎಲ್ಲಿದೆ ಎಂದು ಏಣಿ ಹಾಕಿ ನೋಡುವುದು, ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಿಸುವುದು, ಕೆಂಪು ಬುಟ್ಟಿಯನ್ನು ಗಾಡಿಯ ತನಕ ಒಯ್ಯುವುದು, ಇವು ಬಡಗಿ ಜೋಸೆಫರಿಗೆ ಒಪ್ಪುವ ಕೆಲಸಗಳು.

ಬಾಡಿಗೆಯ ಒಂದೇ ಕೋಣೆಯಲ್ಲಿರುವವರಿಗೆ ತೊಟ್ಟಿ ಕಟ್ಟಿಸಿ ಎನ್ನಲು ನನಗೆ ಬಾಯಿ ಬಾರದು. ಕಾಮಾಕ್ಷಿಪಾಳ್ಯದ ವಠಾರದಲ್ಲಿ ಎಂಟು ಮನೆಗೆ ಒಂದು ನಲ್ಲಿ ಇದ್ದಲ್ಲಿ ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವವರು ಯಾರಿಗೂ ಪಾಠ ಕೇಳಬೇಕಿಲ್ಲ, ಪಾಠ ಹೇಳಬಹುದು. ಷವರಿನ ಕೆಳಗೆ ಹತ್ತು ನಿಮಿಷ ನಿಂತರೆ ನೂರು ಲೀಟರ್ ಹೋಗುತ್ತದೆ; ಬಕೆಟ್ಟಿಗೆ ಹಿಡಿಯುವುದು ಹದಿನೈದೋ ಇಪ್ಪತ್ತೋ. ಸ್ವಂತ ಮನೆಯುಳ್ಳವರು ಬಾಡಿಗೆದಾರರ ನೀರಿಗೆ ಬೀಗ ಹಾಕುವ ಮೊದಲು ತಮ್ಮ ಮಾಡಿನ ನೀರಿಗೆ ದಾರಿ ಮಾಡಲಿ.

ಜನವರಿಯಿಂದ ಬೆಂಗಳೂರಿನಲ್ಲಿ ಒಣ ದಿನಗಳು. ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಇನ್ನು ಮೂರು ನಾಲ್ಕು ತಿಂಗಳಿದೆ. ಗಾರೆ ಕೆಲಸ ಮಾಡಿಸುವವರಿಗೆ, ಮಾಡು ಗುಡಿಸಿ ಪೈಪು ಜೋಡಿಸುವವರಿಗೆ ಇದೇ ಸರಿಯಾದ ಕಾಲ. ದೇವಾಲಯದ ಮಾಡಿನ ನೀರು ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಇಡುತ್ತಿದ್ದೇನೆ. ಲೆಕ್ಕ ಗೊತ್ತಿರುವ ಪ್ಲಂಬರುಗಳೂ ಎಂಜಿನಿಯರುಗಳೂ ನಮ್ಮಲ್ಲೇ ಇದ್ದೀರಿ, ಬನ್ನಿ. ಪ್ರಭುಪ್ರಕಟಣೆಯ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚುವಾಗ ಹುಲ್ಲು, ಪಾಚಿ ಗೊಬ್ಬರದ ಗುಂಡಿಗೆ ಹೋಗಲಿ, ಯಾರೂ ಬೆಂಕಿ ಹಚ್ಚಬೇಡಿ. ಥರ್ಮೊಕೋಲನ್ನು ಮುರಿಯದೆ ಮುಂದಿನ ವರ್ಷಕ್ಕೆ ಎತ್ತಿಡೋಣ, ಹೊಸದನ್ನು ಕೊಳ್ಳುವುದು ಬೇಡ. ನಕ್ಷತ್ರಗಳನ್ನೂ ಹಾಗೆಯೇ. ಇಂದು ಪೂಜೆಯ ನಂತರ ಉಪಾಹಾರಕ್ಕೆ ಸ್ಟೀಲಿನ ತಟ್ಟೆ ಇಟ್ಟಿದ್ದೇವೆ. ತೊಳೆಯುವ ಸರದಿ ಮೊದಲು ಗಂಡಸರದು, ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ನೀರನ್ನು ಬಕೆಟ್ಟಿನಲ್ಲಿ ಇಟ್ಟಿದೆ, ನಲ್ಲಿ ಬಿಡುವಂತಿಲ್ಲ.